ಹಂಚಿನ ಮಾಡಿನ ಹೈಸ್ಕೂಲು: ಮಂಗಳೂರಿನ ಹಳೆಯ ಶಾಲಾ ಕಟ್ಟಡಗಳು ಯಾಕೆ ಹಾಗಿವೆ?

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಶಾಲೆ ಶುರುವಾಗಿ ಪಾಠಗಳು ಬಿರುಸಿನಿಂದ ನಡೆಯುವ ತಿಂಗಳುಗಳಲ್ಲೇ ಬೀಳುತ್ತದೆ. ಮಳೆ ನಿಂತ ಮೇಲೆ ಬೆವರು ಆರದ ಸೆಕೆ. ಇಂಥ ಊರಿನಲ್ಲಿ ಫ್ಯಾನೂ ವಿದ್ಯುತ್ ದೀಪವೂ ಇಲ್ಲದ ಕಾಲಕ್ಕೆ ನಲವತ್ತು ಐವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ, ಅವರು ನೆನೆಯದಂತೆ, ಬೇಯದಂತೆ, ಕಪ್ಪು ಹಲಗೆ ಕಾಣುವಂತೆ, ಮೇಷ್ಟ್ರ ದನಿ ಕೇಳುವಂತೆ ಮಾಡುವುದು ಹೇಗೆ? ಕರಾವಳಿಯ ಹಳೆಯ ಹೈಸ್ಕೂಲು ಕಟ್ಟಡಗಳು ಈ ಪ್ರಶ್ನೆಗೆ ಕೊಟ್ಟ ಉತ್ತರಗಳು. ಕೆಂಪು ಹಂಚು, ಉದ್ದನೆಯ ಜಗಲಿ, ಸಾಲು ಕಮಾನು, ಆಳೆತ್ತರ ಮೀರಿದ ಕಿಟಕಿ ಇವೆಲ್ಲ ಚಂದಕ್ಕೆ ಇಟ್ಟವು ಎಂದು ನಾವು ಅಂದುಕೊಂಡಿದ್ದೇವೆ. ಚಂದ ಹೌದು. ಆದರೆ ಒಂದೊಂದಕ್ಕೂ ಒಂದು ಕೆಲಸವಿದೆ. ಆ ಕೆಲಸ ಯಾವುದೆಂದು ತಿಳಿಯದೆ ನಾವು ಈ ಕಟ್ಟಡಗಳನ್ನು ರಿಪೇರಿ ಮಾಡುತ್ತಿದ್ದೇವೆ, ಕೆಡವುತ್ತಲೂ ಇದ್ದೇವೆ. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕೆನಿಸಿತು.

ಮೊದಲು ಶಾಲೆಗಳು ಬಂದ ಬಗೆ. ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ ಕೆನರಾ ಪ್ರದೇಶ ಇಂಗ್ಲಿಷರ ಕೈಗೆ ಬಂತು. ಮಂಗಳೂರು ಮದರಾಸು ಪ್ರಾಂತ್ಯಕ್ಕೆ ಸೇರಿತು, ಮತ್ತು 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೂ ಇಲ್ಲಿನ ಶಾಲೆಗಳ ಕಾನೂನು, ಪರೀಕ್ಷೆ, ಅನುದಾನ ಎಲ್ಲವೂ ಮದರಾಸಿನದೇ ಆಗಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದರು. ಅವರು 1836ರಲ್ಲಿ ಕನ್ನಡ ಶಾಲೆಯನ್ನೂ 1838ರಲ್ಲಿ ಇಂಗ್ಲಿಷ್ ಶಾಲೆಯನ್ನೂ ತೆರೆದರು. ಹುಡುಗಿಯರಿಗಾಗಿ ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸನ್ಯಾಸಿನಿಯರ ಸೇಂಟ್ ಆನ್ಸ್ 1870ರಲ್ಲಿ ಶುರುವಾಯಿತು. 1880ರಲ್ಲಿ ಜೆಸ್ವಿಟ್ ಪಾದ್ರಿಗಳ ಸಂತ ಅಲೋಶಿಯಸ್ ಬಂತು. 1891ರಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಹೈಸ್ಕೂಲನ್ನೂ ಮೂರು ವರ್ಷ ಬಿಟ್ಟು ಕೆನರಾ ಬಾಲಿಕಾ ಶಾಲೆಯನ್ನೂ ತೆರೆದರು. ಇವರೇ ಮುಂದೆ 1906ರಲ್ಲಿ ಕೆನರಾ ಬ್ಯಾಂಕಿನ ಬೀಜ ಹಾಕಿದವರು. ಭಾರತದ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಓದಿದ್ದು ಈ ಕೆನರಾ ಹೈಸ್ಕೂಲಿನಲ್ಲೇ. 1918ರಲ್ಲಿ ಬೆಸೆಂಟ್ ಬಾಲಿಕಾ ಶಾಲೆ ಬಂತು.

ಈ ಸಾಲಿನಲ್ಲಿ ಕುದ್ಮುಲ್ ರಂಗರಾಯರ ಹೆಸರನ್ನು ಬಿಟ್ಟರೆ ಕಥೆ ಸುಳ್ಳಾಗುತ್ತದೆ. ಮೇಲೆ ಹೇಳಿದ ಜಗಲಿಗಳನ್ನು ಹತ್ತಲು ದಲಿತ ಮಕ್ಕಳಿಗೆ ಎಷ್ಟೋ ಕಡೆ ಅವಕಾಶವೇ ಇರಲಿಲ್ಲ. ರಂಗರಾಯರು 1892ರಲ್ಲಿ ಆ ಮಕ್ಕಳಿಗಾಗಿ ಮಂಗಳೂರಿನಲ್ಲಿ ಶಾಲೆ ತೆರೆದರು. ಸ್ವಂತ ಜಾತಿಯವರ ಬಹಿಷ್ಕಾರ ಎದುರಿಸಿದರು, ಆದರೂ ಬಿಡಲಿಲ್ಲ. ಶಾಲಾ ಕಟ್ಟಡದ ಚರಿತ್ರೆ ಬರೆಯುವಾಗ ಗೋಡೆ ಎಷ್ಟು ದಪ್ಪ ಎಂಬುದರ ಜೊತೆಗೆ, ಬಾಗಿಲು ಯಾರಿಗೆ ತೆರೆದಿತ್ತು ಎಂಬುದನ್ನೂ ಬರೆಯಬೇಕು.

ಇಷ್ಟು ಶಾಲೆಗಳು ಕೆಲವೇ ದಶಕಗಳಲ್ಲಿ ಹುಟ್ಟಲು ಒಂದು ಕಾರಣ ಸರ್ಕಾರದ ಹಣಕಾಸು ನೀತಿ. ಭಾರತದ ಶಿಕ್ಷಣ ನೀತಿಯನ್ನು ಹೇಳಿದ 1854ರ ವುಡ್ ವರದಿಯ ನಂತರ ಸಹಾಯಧನ ಪದ್ಧತಿ ಬಂತು. ಸರ್ಕಾರವೇ ಎಲ್ಲ ಕಡೆ ಶಾಲೆ ಕಟ್ಟುವ ಬದಲು ಮಿಶನ್ನುಗಳು, ಸಂಘಗಳು, ಊರಿನ ದೊಡ್ಡವರು ನಡೆಸುವ ಶಾಲೆಗಳಿಗೆ ಖರ್ಚಿನ ಒಂದು ಪಾಲು ಕೊಡುವುದು. ಹಣ ಬೇಕೆಂದರೆ ಇನ್ಸ್‌ಪೆಕ್ಟರು ಬಂದು ನೋಡಬೇಕು. ಹಾಜರಿ ಪುಸ್ತಕ ಸರಿಯಿರಬೇಕು, ಕೋಣೆಯಲ್ಲಿ ಜಾಗ, ಗಾಳಿ, ಬೆಳಕು ಸಾಕಷ್ಟಿರಬೇಕು. ಯಾರದೋ ಮನೆಯ ಚಾವಡಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ನಡೆಯುತ್ತಿದ್ದ ಪಾಠಕ್ಕೆ ಪ್ರತ್ಯೇಕ ಕಟ್ಟಡ ಬೇಕೆಂಬ ಒತ್ತಾಯ ಬಂದದ್ದು ಹೀಗೆ. ಮದರಾಸು ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾದ ಮೇಲೆ ಅದರ ಮೆಟ್ರಿಕ್ಯುಲೇಶನ್ ಪರೀಕ್ಷೆ ಹೈಸ್ಕೂಲಿನ ಗುರಿಯಾಯಿತು. ತರಗತಿಗಳು ‘ಫಾರಂ’ಗಳಾಗಿ ಬೇರೆಯಾದವು, ಫಾರಂಗೊಂದು ಕೋಣೆ ಬೇಕಾಯಿತು. ಒಂದೇ ದೊಡ್ಡ ಹಾಲಿನಲ್ಲಿ ಎಲ್ಲರನ್ನೂ ಕೂರಿಸುವ ಹಳೆಯ ಕ್ರಮದಿಂದ, ಜಗಲಿಗೆ ತೆರೆದುಕೊಳ್ಳುವ ಕೋಣೆಗಳ ಸಾಲಿಗೆ ಬಂದದ್ದರ ಹಿಂದೆ ಈ ಪರೀಕ್ಷೆಯ ವ್ಯವಸ್ಥೆ ಇದೆ.

ಈಗ ಮಾಡಿನ, ಅಂದರೆ ಚಾವಣಿಯ, ಮೇಲಕ್ಕೆ ಹೋಗೋಣ. ನನ್ನ ಮಟ್ಟಿಗೆ ಇಡೀ ಕಥೆಯ ಜೀವ ಇರುವುದು ಅಲ್ಲೇ.

ಹಂಚು ಬರುವ ಮೊದಲು

ಕರಾವಳಿಯ ಸಾಮಾನ್ಯ ಮನೆಗಳ ಮಾಡು ಮುಳಿಹುಲ್ಲಿನದು, ಇಲ್ಲವೇ ತೆಂಗಿನ ಮಡಲಿನದು. ತಂಪಿಗೆ ಅದನ್ನು ಮೀರಿಸಿದ್ದಿಲ್ಲ. ಆದರೆ ಅದನ್ನು ಆಗಾಗ ಬದಲಿಸುತ್ತಲೇ ಇರಬೇಕು, ಮತ್ತು ಒಂದು ಕಿಡಿ ಸಾಕು, ಇಡೀ ಸಾಲು ಬೂದಿ. ಉಳ್ಳವರ ಮನೆಗೆ, ದೇವಸ್ಥಾನಕ್ಕೆ ಕುಂಬಾರರು ಮಾಡಿದ ನಾಡಹಂಚು. ಅರ್ಧ ಕೊಳವೆಯಾಕಾರದ ಆ ಹಂಚುಗಳನ್ನು ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕು. ಭಾರ ಜಾಸ್ತಿ, ಮರವೂ ಜಾಸ್ತಿ ಬೇಕು. ಒಂದನ್ನೊಂದು ಹಿಡಿದುಕೊಳ್ಳುವ ಏರ್ಪಾಡು ಇಲ್ಲದ್ದರಿಂದ ಗಾಳಿಗೆ, ಮಂಗಗಳ ಓಡಾಟಕ್ಕೆ ಜಾರುತ್ತವೆ. ಅಗಲವಾದ ಶಾಲಾ ಕೋಣೆಗೆ ಇಂಥ ಮಾಡು ಹೊದಿಸುವುದು ಕಷ್ಟ.

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅವರು ಮೊದಲು ಬಂದದ್ದು ಮಿಶನ್ನಿನ ಮುದ್ರಣಾಲಯದ ಕೆಲಸಕ್ಕೆ. ನೇತ್ರಾವತಿ ದಂಡೆಯ ಜೇಡಿಮಣ್ಣು ಕೈಗೆಟಕುವಲ್ಲಿತ್ತು. ಘಟ್ಟದ ಸೌದೆ ಹೊಳೆಯ ದಾರಿಯಲ್ಲಿ ಬರುತ್ತಿತ್ತು. ತಯಾರಾದ ಮಾಲನ್ನು ಹೊರಗೆ ಸಾಗಿಸಲು ಬಂದರೂ ಹತ್ತಿರ. ಮತಾಂತರವಾದ ಕಾರಣಕ್ಕೆ ಕುಲಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಕೊಡುವುದು ಮಿಶನ್ನಿಗೆ ಅಗತ್ಯವಾಗಿತ್ತು. ನೇಯ್ಗೆಯ ಜೊತೆಗೆ ಹಂಚು ಆ ದುಡಿಮೆಯಾಯಿತು. ಮುಂದೆ ಊರಿನ ಇತರ ಉದ್ಯಮಿಗಳೂ ಕಾರ್ಖಾನೆ ತೆರೆದರು. ಹೊಳೆದಂಡೆಯ ಉದ್ದಕ್ಕೆ ಚಿಮಣಿಗಳು ಎದ್ದವು. ಮಂಗಳೂರಿನ ಹಂಚು ಬೊಂಬಾಯಿಗೆ, ಸಿಂಹಳಕ್ಕೆ, ಪೂರ್ವ ಆಫ್ರಿಕಾಕ್ಕೆ ಹಡಗು ಹತ್ತಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಮಿಶನ್ನಿನಲ್ಲಿದ್ದ ಜರ್ಮನರನ್ನು ಬ್ರಿಟಿಷರು ಸೆರೆಯಿಟ್ಟರು. ಮಿಶನ್ನಿನ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಂಚಿನ ಓಟ ಮಾತ್ರ ನಿಲ್ಲಲಿಲ್ಲ.

ಈ ಹಂಚಿನ ಜಾಣ್ಮೆ ಎಲ್ಲಿದೆ ಎಂದು ಒಂದನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಚಪ್ಪಟೆಯಾಗಿದ್ದು ಮೇಲೆ ನೀರು ಹರಿಯಲು ಉದ್ದ ಗೀರುಗಳಿವೆ. ಒಂದು ಬದಿಯಲ್ಲಿ ಏಣು, ಇನ್ನೊಂದು ಬದಿಯಲ್ಲಿ ಅದು ಕೂರುವ ತೋಡು. ಪಕ್ಕದ ಹಂಚಿನ ಏಣು ಇದರ ತೋಡಿನೊಳಗೆ ಕೂರುತ್ತದೆ, ಮೇಲಿನ ಸಾಲಿನ ಹಂಚು ಕೆಳಗಿನದರ ತಲೆಯನ್ನು ಮುಚ್ಚುತ್ತದೆ. ಹಿಂಬದಿಯ ಗುಬುಟು ರೀಪಿಗೆ, ಅಂದರೆ ಹಂಚು ಕೂರುವ ತೆಳು ಮರದ ಪಟ್ಟಿಗೆ, ಸಿಕ್ಕಿಕೊಳ್ಳುತ್ತದೆ. ಮೊಳೆ ಬೇಡ, ಗಾರೆ ಬೇಡ. ಒಂದೊಂದು ಹಂಚಿನ ಭಾರ ಎರಡು ಮೂರು ಕಿಲೋ, ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ಹದಿನೈದು ಹಂಚು ಸಾಕು. ನಾಡಹಂಚಿನ ಎರಡು ಮೂರು ಪದರಕ್ಕೆ ಹೋಲಿಸಿದರೆ ಮಾಡು ಹಗುರವಾಯಿತು. ಹಗುರವಾದ್ದರಿಂದ ಮರ ಕಡಿಮೆ ಸಾಕಾಯಿತು, ಕಂಬಗಳ ನಡುವಿನ ಅಂತರ ಹೆಚ್ಚಿಸಲು ಬಂತು. ನಡುವೆ ಕಂಬವಿಲ್ಲದ, ಹಿಂದಿನ ಬೆಂಚಿನ ಹುಡುಗನಿಗೂ ಹಲಗೆ ಕಾಣುವ ಅಗಲದ ಕೋಣೆಗೆ ಈ ಹಗುರ ಮಾಡು ದಾರಿ ಮಾಡಿಕೊಟ್ಟಿತು.

ಆ ಅಗಲವನ್ನು ಹೊತ್ತುಕೊಳ್ಳುವುದು ಮರದ ಟ್ರಸ್. ತಲೆಯೆತ್ತಿ ನೋಡಿದರೆ ತ್ರಿಕೋನ ಕಾಣುತ್ತದೆ: ಎರಡು ಓರೆ ಮರ, ಕೆಳಗೆ ಅಡ್ಡ ತೊಲೆ, ನಡುವೆ ನೆತ್ತಿಯಿಂದ ಇಳಿದ ಗಿಡ್ಡ ಮರ. ನೋಡಿದವರಿಗೆ ಆ ನಡುವಿನ ಮರ ಮಾಡನ್ನು ಕೆಳಗಿನಿಂದ ಎತ್ತಿ ಹಿಡಿದಿದೆ ಎನಿಸುತ್ತದೆ. ನಿಜ ಅದಕ್ಕೆ ತಿರುಗುಮುರುಗು. ಮಾಡಿನ ಭಾರದಿಂದ ಓರೆ ಮರಗಳ ಕಾಲುಗಳು ಹೊರಕ್ಕೆ ಜಾರಲು ನೋಡುತ್ತವೆ. ಅಡ್ಡ ತೊಲೆ ಎರಡೂ ಕಾಲುಗಳನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಆ ತೊಲೆ ತನ್ನ ಭಾರಕ್ಕೇ ನಡುವೆ ಬಾಗದಂತೆ ನಡುಮರ ಅದನ್ನು ನೆತ್ತಿಯಿಂದ ತೂಗುಹಾಕಿಕೊಂಡಿದೆ. ಇದು ತಿಳಿಯದೆ ‘ಕೋಣೆ ಎತ್ತರ ಕಾಣಲಿ’ ಎಂದು ಅಡ್ಡ ತೊಲೆಯನ್ನು ಕತ್ತರಿಸಿದರೆ ಗೋಡೆಗಳು ಹೊರಕ್ಕೆ ವಾಲುತ್ತವೆ. ಟ್ರಸ್ಸಿನ ಮೇಲೆ ಪಕ್ಕಾಸು ಎಂಬ ಇಳಿಜಾರು ಮರ, ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು. ಸಾಗುವಾನಿ, ಹಲಸು, ಕಿರಾಲುಬೋಗಿಯಂಥ ಗಟ್ಟಿ ಮರಗಳು ಸಿಗುತ್ತಿದ್ದ ಜಿಲ್ಲೆ ಇದು. ಮಳೆನೀರು ತಾಗದಂತೆ ನೋಡಿಕೊಂಡರೆ ಈ ಮರಗಳು ತಲೆಮಾರುಗಟ್ಟಲೆ ಬಾಳುತ್ತವೆ.

ಹಂಚಿನ ಕೋಣೆ ಸೆಕೆ ತಡೆಯುವುದು ಎರಡು ರೀತಿಯಲ್ಲಿ. ಮಕ್ಕಳ ಮೈಯ ಬಿಸಿ, ಉಸಿರಿನ ಬಿಸಿ ಮೇಲಕ್ಕೇರುತ್ತದೆ. ಇಳಿಜಾರು ಮಾಡಿನ ಕೆಳಗೆ ಅದು ಹೋಗಿ ನಿಲ್ಲಲು ಎತ್ತರದ ಜಾಗವಿದೆ. ಹಂಚು ಹಂಚಿನ ನಡುವಿನ ಸಣ್ಣ ಸಂದುಗಳಿಂದ, ತುದಿಗೋಡೆಯ ಮೇಲಿನ ಗವಾಕ್ಷಿಯಿಂದ ಅದು ಹೊರಬೀಳುತ್ತದೆ. ಅದರ ಜಾಗಕ್ಕೆ ಕೆಳಗಿನ ಕಿಟಕಿಗಳಿಂದ ತಂಪು ಗಾಳಿ ಬರುತ್ತದೆ. ಇದು ಮೊದಲನೆಯದು. ಎರಡನೆಯದು, ತೆಳು ಹಂಚು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಾಂಕ್ರೀಟು ತಾರಸಿ ಹಗಲೆಲ್ಲ ಬಿಸಿಲು ಕುಡಿದು ಸಂಜೆಯವರೆಗೆ ಅದನ್ನು ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ಮಧ್ಯಾಹ್ನದ ಮೇಲಿನ ಪಿರಿಯಡ್ಡಿನಲ್ಲಿ ತಾರಸಿ ಕೆಳಗೆ ಕೂತ ಮಕ್ಕಳು ತೂಕಡಿಸುವುದಕ್ಕೆ ಊಟವೊಂದೇ ಕಾರಣ ಅಲ್ಲ.

ಕಲ್ಲು, ಕಮಾನು, ಜಗಲಿ

ಗೋಡೆಗೆ ಮುರಕಲ್ಲು, ಅಂದರೆ ಲ್ಯಾಟರೈಟ್ ಎಂಬ ಕೆಂಪು ಕಲ್ಲು. 1801ರಲ್ಲಿ ಈ ಜಿಲ್ಲೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಪಶ್ಚಿಮ ಕರಾವಳಿಯ ಈ ಕಲ್ಲಿನ ಗುಣವನ್ನು ಪಾಶ್ಚಾತ್ಯ ವಿಜ್ಞಾನಕ್ಕೆ ಮೊದಲು ವಿವರಿಸಿ ಹೇಳಿದವರು. ಇಲ್ಲಿನ ಕಲ್ಲುಕುಟಿಗರಿಗೆ ಅದು ಎಷ್ಟೋ ಕಾಲದಿಂದ ಗೊತ್ತಿತ್ತು: ನೆಲದಡಿಯಲ್ಲಿ ಮೆತ್ತಗಿದ್ದು, ಕೊಡಲಿಯಂಥ ಉಳಿಗೆ ಸುಲಭವಾಗಿ ಸಿಗುತ್ತದೆ, ಮೇಲೆ ತೆಗೆದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. ಆದರೆ ಅದರ ಮೈ ತುಂಬ ತೂತು, ನೀರು ಕುಡಿಯುತ್ತದೆ. ಆದ್ದರಿಂದ ಬುಡಕ್ಕೆ ಕಗ್ಗಲ್ಲಿನ ಅಡಿಪಾಯ, ಮೈಗೆ ಚಿಪ್ಪು ಸುಟ್ಟು ಮಾಡಿದ ಸುಣ್ಣದ ಗಾರೆ, ತಲೆಗೆ ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು. ಮುರಕಲ್ಲಿಗೆ ಇನ್ನೊಂದು ದೌರ್ಬಲ್ಯವಿದೆ. ಮೇಲಿನ ಒತ್ತಡವನ್ನು ಹೊರುತ್ತದೆ, ಬಾಗುವ ಎಳೆತವನ್ನು ತಡೆಯುವುದಿಲ್ಲ. ಅದರಿಂದ ಉದ್ದನೆಯ ತುಂಡು ಕಡಿದು ಬಾಗಿಲ ಮೇಲೆ ಅಡ್ಡ ಇಟ್ಟರೆ ನಡುವೆ ಬಿರುಕು ಬಿಡುತ್ತದೆ. ಹಾಗಾಗಿ ಕಮಾನು. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ, ಎಳೆತ ಎಂಬುದೇ ಬರುವುದಿಲ್ಲ. ಮಿಶನ್ ಕಟ್ಟಡ, ಸರ್ಕಾರಿ ಕಟ್ಟಡಗಳ ಕಮಾನಿನ ಸಾಲನ್ನು ಯುರೋಪಿನ ಶೈಲಿ ಎಂದು ಹೇಳಿ ಮುಗಿಸುವವರಿದ್ದಾರೆ. ಆಕಾರ ಅಲ್ಲಿಂದ ಬಂದಿರಬಹುದು. ಅದು ಇಲ್ಲಿ ನೆಲೆಯೂರಿದ್ದು ಇಲ್ಲಿನ ಕಲ್ಲಿನ ಗುಣದಿಂದ.

ಜಗಲಿಯ ಲೆಕ್ಕವೂ ಹೀಗೆಯೇ. ಮುಂಗಾರಿನ ಗಾಳಿಮಳೆ ನೈಋತ್ಯದಿಂದ, ಸಮುದ್ರದ ಕಡೆಯಿಂದ ಓರೆಯಾಗಿ ಹೊಡೆಯುತ್ತದೆ. ಕಿಟಕಿ ಮುಚ್ಚಿದರೆ ಕತ್ತಲೆ, ತೆರೆದರೆ ಪುಸ್ತಕ ಒದ್ದೆ. ಆಳವಾದ ಜಗಲಿ ಇದ್ದರೆ ಎರಚಲು ಅಲ್ಲೇ ಬಿದ್ದು ಇಂಗುತ್ತದೆ, ಕಿಟಕಿ ತೆರೆದೇ ಇಡಬಹುದು. ಬಿಸಿಲುಗಾಲದಲ್ಲಿ ಅದೇ ಜಗಲಿ ಬಿಸಿಲು ಗೋಡೆಗೆ ತಾಗದಂತೆ ತಡೆಯುತ್ತದೆ. ಕೊಡೆಗಳನ್ನು ಬಿಡಿಸಿ ಒಣಗಲು ಇಡುವುದೂ ಅಲ್ಲಿಯೇ. ಮೈದಾನಕ್ಕೆ ಇಳಿಯಲಾಗದ ಜುಲೈ ತಿಂಗಳಲ್ಲಿ ಆಟವೂ ಅಲ್ಲೇ.

ಆದರೆ ಜಗಲಿ ಆಳವಾದಷ್ಟೂ ಕೋಣೆಯೊಳಗೆ ಬೆಳಕು ಕಡಿಮೆ. ಕಿಟಕಿಗಳು ಅಷ್ಟು ಎತ್ತರ ಇರುವುದು ಇದಕ್ಕೇ. ಹಗಲು ಬೆಳಕು ಕೋಣೆಯೊಳಗೆ ಎಷ್ಟು ದೂರ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕಿಟಕಿಯ ಅಗಲಕ್ಕಿಂತ ಅದರ ಮೇಲಂಚು. ನೆಲದಿಂದ ಮೇಲಂಚಿಗೆ ಎಷ್ಟು ಎತ್ತರವೋ ಅದರ ಎರಡು, ಎರಡೂವರೆ ಪಟ್ಟು ದೂರದವರೆಗೆ ಓದುವಷ್ಟು ಬೆಳಕು ಸಿಗುತ್ತದೆ ಎಂಬುದು ಕಟ್ಟುವವರ ಹಳೆಯ ಅಂದಾಜು. ಕಿಟಕಿಯ ತಲೆ ಒಂಬತ್ತು ಅಡಿಯಲ್ಲಿದ್ದರೆ ಇಪ್ಪತ್ತು ಅಡಿ ಅಗಲದ ಕೋಣೆ ನಡೆಯುತ್ತದೆ. ಸಾಲದಿದ್ದ ಕಡೆ ಮಾಡಿನ ನಡುವೆ ಒಂದೆರಡು ಗಾಜಿನ ಹಂಚು. ಬೆಳಕು ಎಡಗಡೆಯಿಂದ ಬೀಳುವಂತೆ ಬೆಂಚು ಹಾಕುವುದು ಆ ಕಾಲದ ಶಾಲೆ ಕಟ್ಟುವವರ ಇನ್ನೊಂದು ನಿಯಮ. ಬಲಗೈಯಲ್ಲಿ ಬರೆಯುವ ಮಗುವಿಗೆ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ನೀವು ಓದಿದ ಹಳೆಯ ಶಾಲೆಯಲ್ಲಿ ದೊಡ್ಡ ಕಿಟಕಿಗಳು ಯಾವ ಕಡೆಗಿದ್ದವು ಎಂದು ನೆನಪಿಸಿಕೊಂಡು ನೋಡಿ.

ಎಷ್ಟೋ ಶಾಲೆಗಳಲ್ಲಿ ಕೋಣೆ ಕೋಣೆಗಳ ನಡುವೆ ಪೂರ್ಣ ಗೋಡೆ ಇರುವುದಿಲ್ಲ. ಮಡಚಿ ತೆಗೆಯಬಹುದಾದ ಮರದ ಹಲಗೆಗಳು, ಬಡ ಶಾಲೆಯಾದರೆ ಬಿದಿರಿನ ತಟ್ಟಿ. ವಾರ್ಷಿಕೋತ್ಸವದ ದಿನ ಅವನ್ನು ತೆಗೆದರೆ ನಾಲ್ಕು ತರಗತಿಗಳು ಒಂದು ಸಭಾಂಗಣ. ತುದಿಯ ಕೋಣೆಯ ನೆಲ ಎರಡು ಅಡಿ ಎತ್ತರವಿದ್ದರೆ ಅದೇ ರಂಗಸ್ಥಳ. ಇದರಲ್ಲಿ ಒಂದು ತೊಂದರೆಯೂ ಇದೆ, ಮುಚ್ಚಿಡಬೇಕಾಗಿಲ್ಲ: ಎಂಟನೇ ತರಗತಿಯ ಲೆಕ್ಕ ಒಂಬತ್ತನೇ ತರಗತಿಯ ಪದ್ಯದೊಳಗೆ ನುಗ್ಗುತ್ತದೆ. ಶಬ್ದ ತಡೆಯುವುದರಲ್ಲಿ ಈ ಕಟ್ಟಡಗಳು ಸೋತಿವೆ.

ಎಲ್ಲ ಶಾಲೆಗಳೂ ಒಂದೇ ಅಚ್ಚಿನವಲ್ಲ. ಲೈಟ್‌ಹೌಸ್ ಗುಡ್ಡದ ಮೇಲಿನ ಸಂತ ಅಲೋಶಿಯಸ್ ಜಗಲಿಯ ಲೆಕ್ಕಾಚಾರವನ್ನೇ ಮಹಡಿಗಳ ಮೇಲೆ ಏರಿಸಿದ ದೊಡ್ಡ ಕಟ್ಟಡ. ಅಲ್ಲಿನ ಪ್ರಾರ್ಥನಾ ಮಂದಿರದ ಗೋಡೆ, ಒಳಮಾಡುಗಳನ್ನು ಇಟಲಿಯ ಜೆಸ್ವಿಟ್ ಸೋದರ ಅಂತೋನಿಯೊ ಮೊಸ್ಕೇನಿ 1899ರಿಂದ ಸುಮಾರು ಎರಡು ವರ್ಷ ದುಡಿದು ಚಿತ್ರಗಳಿಂದ ತುಂಬಿದರು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು, ಮೇಲಿನವು ಕ್ಯಾನ್ವಾಸಿನ ಮೇಲೆ ತೈಲವರ್ಣದವು. ಗೋಡೆಯೊಳಗೆ ತೇವ ಸೇರಿದರೆ ಇಂಥ ಚಿತ್ರ ಬಣ್ಣ ಉದುರಿಸುತ್ತದೆ. ಮಂಗಳೂರಿನ ಮಳೆಯ ಕೆಳಗೆ ಅವು ಉಳಿಯುವುದು, ಕೊನೆಗೆ, ಮಾಡು ಸೋರದಿರುವುದರ ಮೇಲೆ ನಿಂತಿದೆ.

ಮಂಗಳೂರಿನಾಚೆ ಕುಂದಾಪುರ, ಪುತ್ತೂರಿನಂಥ ಊರುಗಳಲ್ಲಿ ಜಿಲ್ಲಾ ಬೋರ್ಡಿನವರು ನಡೆಸಿದ ‘ಬೋರ್ಡ್ ಹೈಸ್ಕೂಲು’ಗಳು ಬಂದವು. ಅವಕ್ಕೆ ಗೋಪುರವಿಲ್ಲ, ಚಿತ್ರವಿಲ್ಲ. ಉದ್ದನೆಯ ಒಂದು ಸಾಲು, ಮುಂದೆ ಜಗಲಿ, ಮೇಲೆ ಹಂಚು, ತೂಗುಹಾಕಿದ ರೈಲುಕಂಬಿಯ ತುಂಡಿನ ಗಂಟೆ. ನನಗೆ ಇವೇ ಹೆಚ್ಚು ಇಷ್ಟ. ಕಡಿಮೆ ದುಡ್ಡಿನಲ್ಲಿ, ಊರಿನ ಬಡಗಿ, ಊರಿನ ಗಾರೆಯವರು ಕಟ್ಟಿದ ಇವು ಮಳೆ, ಬೆಳಕು, ಗಾಳಿಯ ಲೆಕ್ಕವನ್ನು ದೊಡ್ಡ ಕಟ್ಟಡಗಳಷ್ಟೇ ಚೆನ್ನಾಗಿ ಬಿಡಿಸಿವೆ.

ಈಗ ಏನಾಗುತ್ತಿದೆ

ಹಂಚಿನ ಮಾಡಿಗೆ ಪ್ರತಿ ವರ್ಷ ಆರೈಕೆ ಬೇಕು. ಮೇ ತಿಂಗಳಲ್ಲಿ ಯಾರಾದರೂ ಮೇಲೆ ಹತ್ತಿ, ಕಸ ಗುಡಿಸಿ, ಒಡೆದ ಹಂಚು ಬದಲಿಸಿ, ಗೆದ್ದಲು ತಿಂದ ರೀಪು ತೆಗೆಯಬೇಕು. ಒಂದು ಹಂಚು ಒಡೆದರೆ ಅದರ ಕೆಳಗಿನ ರೀಪು ನೆನೆಯುತ್ತದೆ, ನೆನೆದ ರೀಪಿನಿಂದ ಪಕ್ಕಾಸು, ಪಕ್ಕಾಸಿನಿಂದ ಟ್ರಸ್ಸಿನ ಕಾಲು ಹಾಳಾಗುತ್ತದೆ. ಒಂದು ಹಂಚಿನ ಖರ್ಚಿನಲ್ಲಿ ಮುಗಿಯುವ ಕೆಲಸವನ್ನು ಕೆಲವು ವರ್ಷ ಮುಂದೂಡಿದರೆ ಇಡೀ ಮಾಡು ಅಪಾಯಕಾರಿ ಎಂದು ಬರೆದುಕೊಡುವ ಹಂತ ಬರುತ್ತದೆ. ಹೊಸ ಕೋಣೆ ಕಟ್ಟಲು ಸಿಗುವ ಅನುದಾನದಷ್ಟು ಸುಲಭವಾಗಿ ಹಂಚು ಬದಲಿಸುವ ಸಣ್ಣ ಮೊತ್ತ ಸಿಗುವುದಿಲ್ಲ. ಹಂಚಿನ ಕೆಲಸ ಬಲ್ಲವರೂ ಕಡಿಮೆಯಾಗಿದ್ದಾರೆ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ.

ಹಂಚು ತೆಗೆದು ಲೋಹದ ಶೀಟು ಹಾಕುವುದು ಈಗ ಎಲ್ಲ ಕಡೆ ಕಾಣುವ ಪರಿಹಾರ. ಸೋರುವುದಿಲ್ಲ, ನಿಜ. ಆದರೆ ಜೋರು ಮಳೆ ಬಂದಾಗ ಶೀಟಿನ ಸದ್ದಿಗೆ ಪಾಠ ನಿಲ್ಲುತ್ತದೆ. ಬಿಸಿಲಿಗೆ ಅದು ಹಂಚಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಸಂದುಗಳಿಲ್ಲದ್ದರಿಂದ ಬಿಸಿಗಾಳಿ ಒಳಗೇ ಉಳಿಯುತ್ತದೆ. ಹಳೆಯ ಟ್ರಸ್ಸಿನ ಮೇಲೆ ಶೀಟು ಹಾಕಿದಾಗ ಇನ್ನೊಂದು ಅಪಾಯವಿದೆ. ಹಂಚಿನ ಭಾರವೇ ಮಾಡನ್ನು ಗಾಳಿಗೆ ಹಾರದಂತೆ ಒತ್ತಿ ಹಿಡಿದಿತ್ತು. ಹಗುರ ಶೀಟನ್ನು ಗಟ್ಟಿಯಾಗಿ ಬಿಗಿಯದಿದ್ದರೆ ಬಿರುಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಶೀಟು ಹಾಕಲೇಬೇಕಾದರೆ ಅದರ ಮೇಲೆ ಹಳೆಯ ಹಂಚನ್ನೇ ಮತ್ತೆ ಹೊದಿಸುವವರಿದ್ದಾರೆ. ಭಾರ ತಾಳುವಷ್ಟು ಗಟ್ಟಿ ಚೌಕಟ್ಟು ಇದ್ದರೆ ಸದ್ದು, ಬಿಸಿ ಎರಡೂ ಕಡಿಮೆಯಾಗುತ್ತವೆ.

ಗೋಡೆಗೆ ಮಾಡುವ ತಪ್ಪು ಇನ್ನೂ ಸಾಮಾನ್ಯ. ಸುಣ್ಣದ ಗಾರೆ ಉದುರಿದ ಕಡೆ ಸಿಮೆಂಟು ಬಳಿದು, ಮೇಲೆ ಹೊಳೆಯುವ ಪೇಂಟು ಹಚ್ಚುವುದು. ಮುರಕಲ್ಲು ನೆಲದಿಂದ, ಮಳೆಯಿಂದ ಹೀರಿದ ನೀರನ್ನು ಸುಣ್ಣದ ಮೈ ಮೂಲಕ ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ತೇವ ಗೋಡೆಯೊಳಗೆ ಉಳಿದು ಮೇಲಕ್ಕೇರುತ್ತದೆ, ಉಪ್ಪು ಹೊರಗೆ ಅರಳಿ ಪೇಂಟು ಏಳುತ್ತದೆ, ಟ್ರಸ್ಸಿನ ಕಾಲು ಗೋಡೆಯಲ್ಲಿ ಕೂತ ಜಾಗದಲ್ಲಿ ಮರ ಕೊಳೆಯುತ್ತದೆ. ಆಮೇಲೆ ನಾವು ಕಟ್ಟಡಕ್ಕೆ ವಯಸ್ಸಾಯಿತು ಎನ್ನುತ್ತೇವೆ. ಶಾಲಾಭಿವೃದ್ಧಿ ಸಮಿತಿಯಲ್ಲೋ ಹಳೆ ವಿದ್ಯಾರ್ಥಿ ಸಂಘದಲ್ಲೋ ಇರುವವರು ಬಣ್ಣಕ್ಕೆ ದುಡ್ಡು ಎತ್ತುವ ಮೊದಲು ಮೂರು ಕಡೆ ನೋಡಬೇಕು: ಸೂರಂಚಿನಿಂದ ಬೀಳುವ ನೀರು ಗೋಡೆಯ ಬುಡದಿಂದ ದೂರ ಹರಿದು ಹೋಗುತ್ತಿದೆಯೇ, ಟ್ರಸ್ಸಿನ ಎರಡೂ ಕಾಲು ಒಣಗಿವೆಯೇ, ಗವಾಕ್ಷಿಗಳನ್ನು ಪಾರಿವಾಳದ ಕಾಟಕ್ಕೆಂದು ಇಟ್ಟಿಗೆ ಇಟ್ಟು ಮುಚ್ಚಿದ್ದಾರೆಯೇ. ಪಾರಿವಾಳಕ್ಕೆ ಬಲೆ ಸಾಕು.